ಗಲ್ಫ್‌ನ ಸ್ವತಂತ್ರ ದುಡಿಮೆ ಮತ್ತು ತೆರಿಗೆಯ ಭ್ರಮೆ

ಗಲ್ಫ್ ಎಂದೊಡನೆ ಕರಾವಳಿಯ ಮನೆಗಳಲ್ಲಿ ಈಗಲೂ ನೆನಪಾಗುವುದು ಕಫೀಲ, ತಿಂಗಳ ಸಂಬಳ ಮತ್ತು ಎರಡು ವರ್ಷಕ್ಕೊಮ್ಮೆಯ ರಜೆ. ಆದರೆ ಇಂದು ಮಂಗಳೂರು, ಉಡುಪಿ, ಭಟ್ಕಳಗಳಿಂದ ದುಬೈಗೆ ತೆರಳುವವರಲ್ಲಿ ಸ್ವತಂತ್ರ ವೃತ್ತಿಯ ಪರವಾನಗಿ ಪಡೆದವರೂ ಇದ್ದಾರೆ. ಅಲ್ಲಿ ಕುಳಿತು ಬೆಂಗಳೂರಿನ ಕಂಪೆನಿಗೂ ಲಂಡನ್ನಿನ ಗ್ರಾಹಕನಿಗೂ ಕೆಲಸ ಮಾಡಿಕೊಡುವ ಇವರು, ‘ಗಲ್ಫ್‌ನಲ್ಲಿ ತೆರಿಗೆಯಿಲ್ಲ’ ಎಂಬ ಹಳೆಯ ಮಾತನ್ನೇ ನಂಬಿ ನಿಶ್ಚಿಂತರಾಗಿದ್ದಾರೆ. ಈ ನಿಶ್ಚಿಂತೆ ಎಷ್ಟು ಸರಿ?

ಯುಎಇಯಲ್ಲಿ ಸಂಬಳಕ್ಕೆ ತೆರಿಗೆಯಿಲ್ಲ ನಿಜ. ಆದರೆ 2023ರ ಜೂನ್‌ನಿಂದ ವ್ಯವಹಾರದ ಲಾಭಕ್ಕೆ ತೆರಿಗೆ ಜಾರಿಗೆ ಬಂದಿದೆ. ಸ್ವಂತ ಹೆಸರಿನಲ್ಲಿ ದುಡಿಯುವವನ ವಾರ್ಷಿಕ ವಹಿವಾಟು 10 ಲಕ್ಷ ದಿರ್ಹಮ್ ಮೀರಿದರೆ ಅವನೂ ಅದರ ವ್ಯಾಪ್ತಿಗೆ ಬರುತ್ತಾನೆ. 3.75 ಲಕ್ಷ ದಿರ್ಹಮ್‌ಗಿಂತ ಹೆಚ್ಚಿನ ಲಾಭಕ್ಕೆ ದರ ಶೇ. 9.

ಇನ್ನು ಭಾರತದ ಮಾತು. ಇಲ್ಲಿ ತೆರಿಗೆಯನ್ನು ನಿರ್ಧರಿಸುವುದು ಪಾಸ್‌ಪೋರ್ಟ್ ಅಲ್ಲ, ಮುಖ್ಯವಾಗಿ ದಿನಗಳ ಲೆಕ್ಕ. ಎಪ್ರಿಲ್‌ನಿಂದ ಮಾರ್ಚ್‌ವರೆಗೆ 182 ದಿನ ಊರಿನಲ್ಲಿದ್ದವನು ನಿವಾಸಿ. ನಿವಾಸಿಯ ಲಂಡನ್ ಗಳಿಕೆಯೂ ಇಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಅನಿವಾಸಿಗೆ ಆ ಹೊರೆಯಿಲ್ಲ. ಆದರೆ ಹಣ ನೇರವಾಗಿ ಭಾರತದ ಖಾತೆಗೇ ಬಂದು ಬಿದ್ದರೆ ತೊಡಕು ಹುಟ್ಟುತ್ತದೆ. ಮೊದಲು ದುಬೈಯ ಖಾತೆಗೆ ಪಡೆದು ನಂತರ ಊರಿಗೆ ಕಳುಹಿಸುವುದೇ ಕ್ಷೇಮ.

2020ರ ತಿದ್ದುಪಡಿಯನ್ನೂ ಮರೆಯಬಾರದು. ಬೇರಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಗೆ ವಿದೇಶಿ ಮೂಲ ಹೊರತಾದ ಆದಾಯ 15 ಲಕ್ಷ ರೂ. ಮೀರಿದರೆ ಅವನನ್ನು ನಿವಾಸಿಯೆಂದೇ ಭಾವಿಸಲಾಗುತ್ತದೆ. ಅಂದು ಗಲ್ಫ್‌ನಲ್ಲಿ ಗಾಬರಿಯೆದ್ದಾಗ ಸರಕಾರ ಸ್ಪಷ್ಟನೆ ನೀಡಿತು: ಹೊರಗಿನ ಗಳಿಕೆಗೆ ತೆರಿಗೆಯಿಲ್ಲ, ಅದು ಭಾರತದ ವ್ಯವಹಾರ ಅಥವಾ ವೃತ್ತಿಯಿಂದ ಬಂದದ್ದಾಗಿರದಿದ್ದರೆ. ಸಂಬಳದಾರನಿಗೆ ಇದು ಸಮಾಧಾನದ ಮಾತು. ಬೆಂಗಳೂರಿನಲ್ಲಿ ವೃತ್ತಿ ಆರಂಭಿಸಿ, ಅದನ್ನೇ ದುಬೈಗೆ ಒಯ್ದವನಿಗೆ? ಅವನು ತಜ್ಞರಲ್ಲಿ ಕೇಳಲೇಬೇಕಾದ ಪ್ರಶ್ನೆಯಿದು.

ಭಾರತದ ಗ್ರಾಹಕ ಹಣ ಕೊಡುವಾಗ ಮೂಲದಲ್ಲೇ ತೆರಿಗೆ ಕಡಿಯುತ್ತಾನೆ. ಎರಡು ಬಾರಿ ತೆರಿಗೆ ಬೀಳದಂತೆ ಉಭಯ ದೇಶಗಳ ನಡುವೆ 1992ರ ಒಪ್ಪಂದವಿದೆ. ಆದರೆ ಯುಎಇ ನೀಡುವ ತೆರಿಗೆ ನಿವಾಸದ ಪ್ರಮಾಣಪತ್ರವಿಲ್ಲದೆ ಅದರ ಪ್ರಯೋಜನ ಕೈಗೆ ಸಿಗದು. ಎಷ್ಟು ಮಂದಿಗೆ ಈ ಪತ್ರದ ಹೆಸರಾದರೂ ಗೊತ್ತಿದೆ?

ತೆರಿಗೆ ತಪ್ಪಿಸುವುದನ್ನು ನಾವು ಸಮರ್ಥಿಸುವುದಿಲ್ಲ. ಸಲ್ಲಬೇಕಾದುದನ್ನು ಸಲ್ಲಿಸುವುದು ಪ್ರಾಮಾಣಿಕತೆಯ ಭಾಗ. ಆದರೆ ಸಲ್ಲಿಸಬೇಕಿಲ್ಲದುದನ್ನು ಅಜ್ಞಾನದಿಂದ ಕಳೆದುಕೊಳ್ಳುವುದು ಯಾವ ಪುಣ್ಯ? ವೀಸಾ ಬಂದಾಗ ಬೀಳ್ಕೊಡುಗೆ ಏರ್ಪಡಿಸುವ ನಮ್ಮ ಸಂಘಟನೆಗಳು, ಹೊರಡುವವನಿಗೆ ಒಬ್ಬ ಲೆಕ್ಕಪರಿಶೋಧಕರೊಂದಿಗೆ ಒಂದು ಗಂಟೆಯ ಭೇಟಿಯನ್ನೂ ಏರ್ಪಡಿಸಲಿ. ಅನಿವಾಸಿಗಳು ಕಳುಹಿಸುವ ಹಣವನ್ನು ಕೊಂಡಾಡುವ ಸರಕಾರ, ಈ ನಿಯಮಗಳನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಲಿ. ನೋಟಿಸು ಬಂದ ಮೇಲೆ ಕಾನೂನು ಕಲಿಯುವ ದುರ್ಗತಿ ನಮ್ಮ ಯುವಕರಿಗೆ ಬಾರದಿರಲಿ.