ಚೀಲದೊಳಗಿನ ನಿಂಬೆಹಣ್ಣು

2024ರ ಮೇ 22ರ ರಾತ್ರಿ ನಾನು ಸಿಂದಗಿಯಲ್ಲಿದ್ದೆ. ಚಹಾದಂಗಡಿಯ ಟೀವಿ ಮುಂದೆ ಕಾಲೇಜು ಹುಡುಗರ ಗುಂಪು. ಅಹಮದಾಬಾದಿನಲ್ಲಿ ಐಪಿಎಲ್ ಎಲಿಮಿನೇಟರ್ ಪಂದ್ಯ. ಒಂದು ಕಡೆ ನಮ್ಮ ಬೆಂಗಳೂರು, ಇನ್ನೊಂದು ಕಡೆ ರಾಜಸ್ಥಾನ.

"ಸರ, ಇವತ್ತ ನಮ್ಮವರ ಗೆಲ್ಲೂದು. ಬರದಿಟ್ಕೊಳ್ರಿ" ಎಂದ ಒಬ್ಬ.

ಅವನ ಲೆಕ್ಕ ತೆಗೆದುಹಾಕುವಂಥದ್ದಲ್ಲ. ಮೊದಲ 8 ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದಿದ್ದ ಬೆಂಗಳೂರು ಆಮೇಲೆ ಸತತ 6 ಗೆದ್ದಿತ್ತು. ರಾಜಸ್ಥಾನವೋ ಸತತ 4 ಸೋತು, ಕೊನೆಯದನ್ನು ಮಳೆಗೆ ಕಳೆದುಕೊಂಡು ಬಂದಿತ್ತು. ಆದರೂ ರಾಜಸ್ಥಾನವೇ 4 ವಿಕೆಟ್‌ಗಳಿಂದ ಗೆದ್ದಿತು.

ಉಳಿದವರು ಬೈದುಕೊಂಡು ಮನೆಗೆ ಹೋದರು. ಇವನು ಮಾತ್ರ ಮೊಬೈಲ್ ಹಿಡಿದು ಸುಮ್ಮನೆ ಕೂತಿದ್ದ. ಕೇಳಿದರೆ, ಕಾಲೇಜು ಫೀಗೆಂದು ಮನೆಯಲ್ಲಿ ಕೊಟ್ಟ ದುಡ್ಡಿನಲ್ಲಿ ಒಂದಿಷ್ಟನ್ನು ಯಾವುದೋ ಆಪ್‌ನಲ್ಲಿ ಕಟ್ಟಿ ಕಳೆದುಕೊಂಡಿದ್ದ. ತಂದೆ ಮುದ್ದೇಬಿಹಾಳದ ಕಡೆಯ ಒಕ್ಕಲಿಗರು.

"ಅಪ್ಪಗ ನಾನ ಹೇಳ್ತೀನ್ರಿ. ಆದ್ರ ನನ್ನ ಲೆಕ್ಕ ಎಲ್ಲಿ ತಪ್ಪಿತ್ರಿ ಸರ?"

ಇದು ಗಣಿತದ ಪ್ರಶ್ನೆ. ಬೈಗುಳದಿಂದ ಉತ್ತರಿಸಬಾರದು.

ಇಂಡಿಯ ನಿಂಬೆಹಣ್ಣು ನಿಮಗೆ ಗೊತ್ತೇ ಇದೆ. ಒಂದೇ ಗಾತ್ರದ 10 ಹಣ್ಣು ತನ್ನಿ: 6 ಹಳದಿ, 4 ಹಸಿರು. ಚೀಲಕ್ಕೆ ಹಾಕಿ, ನೋಡದೆ ಒಂದನ್ನು ತೆಗೆಯಿರಿ. ಹಳದಿ ಬಂದರೆ ಬಲಿಷ್ಠ ತಂಡ ಗೆದ್ದಂತೆ. ತೆಗೆದದ್ದನ್ನು ಮತ್ತೆ ಚೀಲಕ್ಕೆ ಹಾಕಿ ಕುಲುಕಬೇಕು. (ಹಣ್ಣು ಹಿಚುಕಿ ನೋಡುವ ಜಾಣರಿದ್ದಾರೆ, ಅವರನ್ನು ಆಟದಿಂದ ಹೊರಗಿಡಿ.) ಹಳದಿ ಹೆಚ್ಚಿರುವುದು ನಿಜ, ಆದರೂ 10ಕ್ಕೆ 4 ಸಲ ಹಸಿರು ಬಂದೇ ಬರುತ್ತದೆ. ಹುಡುಗ ಬೆಂಗಳೂರನ್ನು ಹಳದಿ ಎಂದದ್ದು ಸರಿಯೇ ಇದ್ದಿರಬಹುದು. ಆ ರಾತ್ರಿ ಕೈಗೆ ಹಸಿರು ಬಂತು.

ಒಂದೇ ಸಲದ ಬದಲು ಮೂರರಲ್ಲಿ ಎರಡು ಗೆದ್ದವರು ಮುಂದೆ ಎಂದಿಟ್ಟುಕೊಳ್ಳಿ. ಮೊದಲೆರಡನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 36. ಒಂದು ಗೆದ್ದು ಒಂದು ಸೋತು ಮೂರನೆಯದನ್ನು ಗೆಲ್ಲುವುದು 28.8. ಕೂಡಿಸಿದರೆ 64.8. ಐದರಲ್ಲಿ ಮೂರು ಎಂದರೆ 68.3. ಆಟ ಹೆಚ್ಚಿದಂತೆ ಬಲಿಷ್ಠನಿಗೆ ಅನುಕೂಲ, ಆದರೆ ಅದು ಏರುವುದು ಆಮೆಯ ಹೆಜ್ಜೆಯಲ್ಲಿ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಹೀಗೆಯೇ ನಡೆಯುತ್ತದೆ. ಅಲ್ಲಿ ಒಂದೊಂದು ತಂಡ 162 ಪಂದ್ಯ ಆಡಿದ ಮೇಲೆ ನಾಕೌಟ್. 2022ರಿಂದ ಅದರ ಮೊದಲ ಸುತ್ತಿನಲ್ಲಿ ಮೂರು ಮೂರು ಪಂದ್ಯಗಳ ನಾಲ್ಕು ಸರಣಿ, ಎರಡನೆಯ ಸುತ್ತಿನಲ್ಲಿ ಐದೈದು ಪಂದ್ಯಗಳವು. 2023ರಲ್ಲಿ 100 ಪಂದ್ಯ ಗೆದ್ದಿದ್ದ ಲಾಸ್ ಏಂಜಲೀಸ್ ಡಾಡ್ಜರ್ಸ್, 84 ಮಾತ್ರ ಗೆದ್ದಿದ್ದ ಅರಿಜೋನಾ ತಂಡಕ್ಕೆ ಐದರ ಸರಣಿಯಲ್ಲಿ 3–0ಯಿಂದ ಸೋತಿತು. ನಾಲ್ಕೂ ಸರಣಿಯಲ್ಲಿ ಬಲಿಷ್ಠರು ನಮ್ಮ ಹಳದಿ ನಿಂಬೆಯಂತಿದ್ದು, ಅವರು ಯಾರೆಂದು ಸರಿಯಾಗಿ ಗುರುತಿಸಬಲ್ಲ ಪಂಡಿತನಿದ್ದರೂ, ಮೊದಲ ಸುತ್ತಿನ ನಾಲ್ಕೂ ಭವಿಷ್ಯ ನಿಜವಾಗುವ ಸಾಧ್ಯತೆ ನೂರಕ್ಕೆ 18ರಷ್ಟೇ. 64.8ನ್ನು ನಾಲ್ಕು ಸಲ ಗುಣಿಸಿ ನೋಡಿ. ಶೇಕಡಾ ಎಂಬುದನ್ನು ಮರೆಯಬೇಡಿ.

ಹಾಗಿದ್ದರೂ "ನಾ ಹೇಳಿದ್ದ ಆತು" ಎನ್ನುವವರು ಊರಿಗೆ ಹತ್ತು ಮಂದಿ. ಆದದ್ದು ನೆನಪಿರುತ್ತದೆ, ಆಗದ್ದು ಮರೆತುಹೋಗುತ್ತದೆ. ಆದ್ದರಿಂದ ಆ ಹುಡುಗನಿಗೆ ಒಂದು ಕೆಲಸ ಹೇಳಿದೆ: ಪಂದ್ಯಕ್ಕೆ ಮೊದಲೇ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆ. ರೊಕ್ಕ ಮುಟ್ಟಬೇಡ.

ತಂದೆ ತಾಯಂದಿರಿಗೆ ಒಂದು ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಕಾಯ್ದೆ ಆಪ್ ಮುಚ್ಚಿಸಬಹುದು. ಬಸವನ ಬಾಗೇವಾಡಿಯ ಕಟ್ಟೆಯ ಮೇಲೆ ಕೂತು ಕಟ್ಟುವ ಪಂಥವನ್ನು ನಿಲ್ಲಿಸುವುದು ಅಷ್ಟು ಸುಲಭವಲ್ಲ. ಮಗ ಯಾವ ತಂಡದ ಅಭಿಮಾನಿ ಎಂದು ಕೇಳುವಾಗ, ನೋಟ್‌ಬುಕ್ಕನ್ನೂ ಒಮ್ಮೆ ತೋರಿಸೆನ್ನಿ.

ಆ ಹುಡುಗ 2025ರ ಮೇ ಕೊನೆಗೆ ಫೋನ್ ಮಾಡಿದ್ದ. ಕ್ವಾಲಿಫೈಯರ್‌ನಲ್ಲಿ ಬೆಂಗಳೂರು ಪಂಜಾಬನ್ನು 101ಕ್ಕೆ ಉರುಳಿಸಿ 8 ವಿಕೆಟ್‌ಗಳಿಂದ ಗೆದ್ದಿತ್ತು. ಮರುದಿನದ ಎಲಿಮಿನೇಟರ್‌ನಲ್ಲಿ ಮುಂಬೈ, ಗುಜರಾತನ್ನು 20 ರನ್‌ಗಳಿಂದ ಸೋಲಿಸಿತ್ತು.

"ಸರ, ಬೆಂಗಳೂರು ಅಂತ ಬರದಿದ್ದೆ ನೋಡ್ರಿ!"

"ಎಲಿಮಿನೇಟರ್‌ಗೆ ಯಾರನ್ನ ಬರದಿದ್ದಿ?"

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗು. "ಗುಜರಾತ್ ರೀ."