ಅಪ್ಪನ ಲ್ಯಾಪ್‌ಟಾಪಿನಲ್ಲಿ ಒತ್ತಕ್ಷರ ಮೂಡುತ್ತದೆಯೇ?

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಕೂಟಗಳಲ್ಲಿ, ಸಭೆ ಮುಗಿದು ಕಾಫಿಯ ಹೊತ್ತಿಗೆ, ಪದೇ ಪದೇ ಕೇಳಿಬರುವ ಪ್ರಶ್ನೆಯೊಂದಿದೆ: ಊರಿನಲ್ಲಿರುವ ಅಪ್ಪನಿಗೊಂದು ಲ್ಯಾಪ್‌ಟಾಪ್ ಕೊಡಿಸಬೇಕು, ಯಾವುದು ಒಳ್ಳೆಯದು? ಕೇಳಿದ್ದೇ ತಡ, ಉತ್ತರಗಳು ಸಾಲುಗಟ್ಟುತ್ತವೆ. ಒಬ್ಬರು ಪ್ರೊಸೆಸರಿನ ಹೆಸರು ಹೇಳುತ್ತಾರೆ, ಇನ್ನೊಬ್ಬರು ಹಬ್ಬದ ರಿಯಾಯಿತಿಯ ದಿನಾಂಕ ಹೇಳುತ್ತಾರೆ, ಮತ್ತೊಬ್ಬರು ತಮ್ಮ ಕಚೇರಿಯ ಹಳೆಯ ಯಂತ್ರವೇ ಸಾಕಷ್ಟು ಗಟ್ಟಿಯಾಗಿದೆಯೆಂದು ಧಾರಾಳತನ ತೋರುತ್ತಾರೆ. ಆ ಯಂತ್ರದಲ್ಲಿ ಅಪ್ಪ ಕನ್ನಡವನ್ನು ಹೇಗೆ ಬರೆಯುತ್ತಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದು. ಉಳಿದವೆಲ್ಲ ಅದರ ಹಿಂದೆ ಬರತಕ್ಕವು.

'ಅವರಿಗೇನು, ಬೇಸಿಕ್ ಇದ್ದರೆ ಸಾಕು' ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ! ಆ 'ಬೇಸಿಕ್' ಎನ್ನುವುದು ಯಾರ ಅಳತೆ? ಪುಣೆಯಲ್ಲೋ ಹೈದರಾಬಾದಿನಲ್ಲೋ ಕಂಪನಿ ಕೆಲಸದಲ್ಲಿರುವ ಮಗನಿಗೆ ಅದೆಂದರೆ ಇ-ಮೇಲ್, ಬ್ರೌಸರ್, ವೀಡಿಯೊ ಕರೆ. ನಿವೃತ್ತ ಹೈಸ್ಕೂಲು ಮಾಸ್ತರರ ದಿನವನ್ನೊಮ್ಮೆ ನೋಡಿರಿ. ಪತ್ರಿಕೆಯ ವಾಚಕರ ಅಂಕಣಕ್ಕೊಂದು ಪತ್ರ, ದೇವಸ್ಥಾನದ ಸಮಿತಿಯ ವಾರ್ಷಿಕ ವರದಿ, ತೀರಿಕೊಂಡ ಸಹೋದ್ಯೋಗಿಯ ಕುರಿತು ಎರಡು ಪುಟದ ನುಡಿನಮನ, ಬಹುಕಾಲದಿಂದ ಅರ್ಧಕ್ಕೆ ನಿಂತಿರುವ ಮನೆತನದ ವಂಶಾವಳಿ. ಅಮ್ಮಂದಿರ ಬಳಿ ಹಸೆಗೆ ಕರೆಯುವ ಹಾಡುಗಳ ನೋಟುಪುಸ್ತಕವಿರುತ್ತದೆ. ಅದರ ಹಾಳೆಗಳು ಈಗಾಗಲೇ ಅಂಚಿನಲ್ಲಿ ಪುಡಿಯಾಗತೊಡಗಿರುತ್ತವೆ. ಇವೆಲ್ಲ ಕನ್ನಡದ ಕೆಲಸಗಳು, ಕೀಲಿಮಣೆಯ ಕೆಲಸಗಳು. ವೀಡಿಯೊ ಕರೆಯಾದರೋ ಮುಖ್ಯವಾಗಿ ನಮ್ಮ ಅಗತ್ಯ.

ಬರೆಯುವ ಹಂಬಲವಿಲ್ಲದ ತಂದೆತಾಯಿಯರಿಗೆ ಲ್ಯಾಪ್‌ಟಾಪ್ ಕೊಡಿಸುವುದೇ ಬೇಡ ಎಂದು ಇಲ್ಲಿಯೇ ಹೇಳಿಬಿಡುತ್ತೇವೆ. ಹಣ ಕಳಿಸುವುದು, ವಿದ್ಯುತ್ ಬಿಲ್ಲು ಕಟ್ಟುವುದು, ಮೊಮ್ಮಗಳ ಮುಖ ನೋಡುವುದು, ಯಕ್ಷಗಾನವನ್ನೋ ಕೀರ್ತನೆಯನ್ನೋ ಕೇಳುವುದು, ಇವಕ್ಕೆಲ್ಲ ಕೈಯಲ್ಲಿರುವ ಫೋನೇ ಸಾಕು. ಪಿಂಚಣಿದಾರರ ಜೀವಿತ ಪ್ರಮಾಣಪತ್ರವನ್ನು ಕೂಡ ಈಗ ಫೋನಿನ ಕ್ಯಾಮೆರಾ ಎದುರು ಮುಖ ತೋರಿಸಿ ಸಲ್ಲಿಸಬಹುದು. ಊರಿನ ದಿನಪತ್ರಿಕೆಯ ಇ-ಆವೃತ್ತಿ ಓದಲು ಫೋನಿನ ಪರದೆ ಚಿಕ್ಕದಾಯಿತೆಂದರೆ ಒಂದು ಟ್ಯಾಬ್ಲೆಟ್, ಅದನ್ನು ನಿಲ್ಲಿಸಲು ಒಂದು ಆಸರೆ. ಪ್ರೀತಿ ತೋರಿಸಬೇಕೆಂಬ ಒಂದೇ ಕಾರಣಕ್ಕೆ ಕೊಂಡ ಲ್ಯಾಪ್‌ಟಾಪುಗಳು ಎಷ್ಟೋ ಮನೆಗಳ ಕಪಾಟಿನಲ್ಲಿ, ಟವೆಲ್ಲು ಹೊದ್ದು, ಮದುವೆಯ ಬೆಳ್ಳಿ ತಟ್ಟೆಯ ಪಕ್ಕದಲ್ಲಿ ಮಲಗಿರುವುದನ್ನು ನಾವು ಕಂಡಿದ್ದೇವೆ.

ಬರೆಯುವವರ ಮಾತು ಬೇರೆ. ಅಂಥವರಿಗೆ ಯಂತ್ರವನ್ನು ಆರಿಸುವುದು ಅಂಗಡಿಯವನು ಹೇಳುವಷ್ಟು ಕಷ್ಟವಲ್ಲ. ರ್ಯಾಮ್ 8 ಜಿಬಿ ಇರಲಿ. ಸಂಗ್ರಹಕ್ಕೆ ಎಸ್‌ಎಸ್‌ಡಿ ಇರಲೇಬೇಕು. 256 ಜಿಬಿ ಸಾಕು, 512 ಇದ್ದರೆ ನಿಶ್ಚಿಂತೆ. ಹಳೆಯ ಕಾಲದ ತಿರುಗುವ ಡಿಸ್ಕಿನ ಯಂತ್ರ ತೆರೆದುಕೊಳ್ಳುವಷ್ಟರಲ್ಲಿ ಬರೆಯಬೇಕೆಂದಿದ್ದ ವಾಕ್ಯವೇ ಮರೆತುಹೋದೀತು. ಪರದೆ 15.6 ಇಂಚಿನದಾಗಿರಲಿ, ಬೆಳಕು ಪ್ರತಿಫಲಿಸದ ಮಂದ ಹೊಳಪಿನದಾಗಿರಲಿ. ತೂಕ ಕಡಿಮೆಯೆಂಬ ಕಾರಣಕ್ಕೆ ಹೆಚ್ಚು ಹಣ ಕೊಡುವುದು ವ್ಯರ್ಥ. ಅಪ್ಪ ಅದನ್ನು ಹೆಗಲಿಗೇರಿಸಿಕೊಂಡು ಲೋಕಲ್ ಟ್ರೇನು ಹತ್ತುವವರಲ್ಲ. ಪೊರೆಯ ಶಸ್ತ್ರಚಿಕಿತ್ಸೆ ಆದವರಿಗೂ ಆಗಬೇಕಾದವರಿಗೂ ಅಕ್ಷರದ ಗಾತ್ರವನ್ನು ವಿಂಡೋಸ್‌ನಲ್ಲಿಯೇ ಶೇಕಡಾ 125ಕ್ಕೋ 150ಕ್ಕೋ ಏರಿಸಿ ಕೊಡಬೇಕು. ಬೆರಳಿನಿಂದ ಸವರುವ ಪಟ್ಟಿ ಹಿರಿಯರ ಕೈಗೆ ಒಗ್ಗುವುದು ಕಡಿಮೆ, ಆದ್ದರಿಂದ ತಂತಿಯಿರುವ ಮೌಸ್ ಒಂದನ್ನು ಜೊತೆಗಿಡಿ. ತಂತಿಯಿಲ್ಲದ್ದಾದರೆ ಅದರ ಸೆಲ್ಲು ಮುಗಿದ ದಿನ ಯಂತ್ರವೇ ಕೆಟ್ಟಿತೆಂದು ದೂರವಾಣಿ ಬರುತ್ತದೆ.

ಕೊಳ್ಳುವ ಮುನ್ನ ಇನ್ನೊಂದು ವಿಚಾರಣೆ ಆಗಬೇಕು. ತಯಾರಕರು ಮನೆಗೇ ಬಂದು ದುರಸ್ತಿ ಮಾಡುವ ಭರವಸೆ ಕೊಡುತ್ತಾರಾದರೆ, ಅದು ಊರಿನ ಪಿನ್‌ಕೋಡಿಗೂ ಅನ್ವಯಿಸುತ್ತದೆಯೇ ಎಂದು ಕೇಳಿರಿ. ಅಂಧೇರಿಯಲ್ಲಿ ಸಿಗುವ ಸೇವೆ ಅಂಕೋಲೆಯಲ್ಲಿ ಸಿಗಬೇಕೆಂದೇನಿಲ್ಲ.

ಕಚೇರಿಯಿಂದ ಬಿಡುಗಡೆಯಾದ ಹಳೆಯ ಯಂತ್ರವನ್ನು ಊರಿಗೆ ಸಾಗಿಸುವವರಿಗೂ ಒಂದು ಮಾತಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳಲ್ಲಿ ಬಹುತೇಕ ಎಲ್ಲವೂ ವಿಂಡೋಸ್ 11ರ ಅಧಿಕೃತ ಪಟ್ಟಿಯಿಂದ ಹೊರಗಿವೆ. ಅಂಥ ಯಂತ್ರಕ್ಕೆ ಲಿನಕ್ಸ್ ಹಾಕಿ ಕೊಡಬಹುದು, ಕನ್ನಡ ಅದರಲ್ಲಿಯೂ ಚೆನ್ನಾಗಿಯೇ ನಡೆಯುತ್ತದೆ. ಆದರೆ ಊರಿನಲ್ಲಿ ಅದನ್ನು ಬಲ್ಲವರೊಬ್ಬರು ಹತ್ತಿರವಿದ್ದರೆ ಮಾತ್ರ. ನಾವು ಬಳಸಿ ಬಿಟ್ಟದ್ದು ಅವರಿಗೆ ಸಾಕು ಎಂಬ ಭಾವವೇ ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲವೆಂಬುದು ಬೇರೆ ಮಾತು. ಅವರು ನಮಗೆ ಪಠ್ಯಪುಸ್ತಕ ಕೊಡಿಸುವಾಗ ಹಾಗೆ ಯೋಚಿಸಲಿಲ್ಲ.

ಇನ್ನು ಕೀಲಿಮಣೆ. ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ ಕೊಳ್ಳುವ ಯಂತ್ರದ ಕೀಲಿಗಳ ಮೇಲೆ ಇಂಗ್ಲಿಷ್ ಅಕ್ಷರಗಳಷ್ಟೇ ಇರುತ್ತವೆ. ಪೆಟ್ಟಿಗೆ ತೆರೆದ ಸಂಭ್ರಮ ಇಳಿದ ಮೇಲೆ ಧಾರವಾಡದ ಕಡೆಯ ಅಪ್ಪ ಕೇಳುವ ಮೊದಲ ಪ್ರಶ್ನೆ, "ತಮ್ಮಾ, ಇದರಾಗ ಒತ್ತಕ್ಷರ ಹ್ಯಾಂಗ ಹೊಡೀಬೇಕಪಾ?" ಎಂಬುದು. ಬಹಳಷ್ಟು ಮಕ್ಕಳ ಬಳಿ ಅದಕ್ಕೆ ಉತ್ತರವಿರುವುದಿಲ್ಲ, ಏಕೆಂದರೆ ಅವರ ಕನ್ನಡವೆಲ್ಲ ಫೋನಿನಲ್ಲಿ ಇಂಗ್ಲಿಷ್ ಲಿಪಿಯಲ್ಲಿಯೇ ನಡೆದುಹೋಗುತ್ತದೆ.

ದಾರಿಗಳು ಮೂರಿವೆ. ವಿಂಡೋಸ್‌ನೊಳಗೆ ಬಹುಕಾಲದಿಂದ ಇರುವ ಇನ್‌ಸ್ಕ್ರಿಪ್ಟ್ ವಿನ್ಯಾಸ ಒಂದು. ಭಾರತದ ಎಲ್ಲ ಲಿಪಿಗಳಿಗೂ ಒಂದೇ ಜೋಡಣೆ ಎಂಬ ಉದಾತ್ತ ಕಲ್ಪನೆ ಅದರದು, ಆದರೆ ಕೀಲಿಯ ಮೇಲಿನ ಗುರುತಿಗೂ ಮೂಡುವ ಅಕ್ಷರಕ್ಕೂ ಸಂಬಂಧವಿಲ್ಲದ ಕಾರಣ ಎಪ್ಪತ್ತರ ವಯಸ್ಸಿನಲ್ಲಿ ಹೊಸದಾಗಿ ಕಲಿಯುವುದು ಪ್ರಯಾಸ. ಎರಡನೆಯದು, 2019ರಿಂದ ವಿಂಡೋಸ್‌ನಲ್ಲಿ ಸೇರಿರುವ ಧ್ವನ್ಯಾತ್ಮಕ ವಿಧಾನ. ಇಂಗ್ಲಿಷ್ ಕಾಗುಣಿತದಲ್ಲಿ ಪದವನ್ನು ಒತ್ತಿದರೆ ಕನ್ನಡ ಮೂಡುತ್ತದೆ. ನಮ್ಮ ಪೀಳಿಗೆಗೆ ಇದು ಹಿತ. ಹಿರಿಯರಿಗೆ ಮಾತ್ರ, ಮನಸ್ಸಿನಲ್ಲಿರುವ ಕನ್ನಡ ಪದವನ್ನು ಒಮ್ಮೆ ಇಂಗ್ಲಿಷಿಗೆ ದಾಟಿಸಿ ಮತ್ತೆ ಕನ್ನಡಕ್ಕೆ ಕರೆತರುವ ಸುತ್ತುದಾರಿ.

ನಾವು ಒಲಿಯುವುದು ಮೂರನೆಯದಕ್ಕೆ, ಅಂದರೆ ಕೆ.ಪಿ. ರಾವ್ ವಿನ್ಯಾಸಕ್ಕೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಈ ಜೋಡಣೆಯೇ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಕರ್ನಾಟಕದ ಕಚೇರಿಗಳಲ್ಲೆಲ್ಲ ಹಬ್ಬಿತು. ಹೊರನಾಡ ಕನ್ನಡಿಗರಾದ ನಮಗೆ ಆ ಮುಂಬಯಿ ನಂಟಿನಲ್ಲಿ ಸ್ವಲ್ಪ ಹೆಮ್ಮೆಯೂ ಉಂಟು. ಅದರ ತರ್ಕ ಶಾಲೆಯ ಕಾಗುಣಿತದ್ದೇ. ವ್ಯಂಜನದ ಕೀಲಿ ಒತ್ತಿದರೆ ಅಕಾರ ಸಹಿತವಾದ ಅಕ್ಷರ ಬರುತ್ತದೆ, ಮುಂದೆ ಸ್ವರದ ಕೀಲಿ ಒತ್ತಿದರೆ ಗುಣಿತ ಸೇರುತ್ತದೆ, ಎಫ್ ಒತ್ತಿದರೆ ಮುಂದಿನ ವ್ಯಂಜನ ಒತ್ತಕ್ಷರವಾಗಿ ಕೆಳಗೆ ಕೂಡುತ್ತದೆ. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಒತ್ತುಗಳು. ಡಕಾರ ಡಬ್ಲ್ಯುವಿನಲ್ಲಿಯೂ ಟಕಾರ ಕ್ಯೂನಲ್ಲಿಯೂ ಅಡಗಿರುವಂಥ ಕೆಲವನ್ನು ನೆನಪಿಟ್ಟುಕೊಂಡರಾಯಿತು. ಮಹಾಪ್ರಾಣಗಳು ಶಿಫ್ಟ್ ಕೀಲಿಯೊಡನೆ ಬರುತ್ತವೆ. ಹಲಗೆಯ ಮೇಲೆ ಕಾಗುಣಿತ ತಿದ್ದಿದವರಿಗೆ, ತಿದ್ದಿಸಿದವರಿಗೆ, ಇದು ಪರಿಚಿತ ನಡಿಗೆ. ನುಡಿ ಉಚಿತವಾಗಿ ದೊರೆಯುತ್ತದೆ, ಲಿನಕ್ಸ್‌ನಲ್ಲಿಯೂ ಈ ವಿನ್ಯಾಸ ಲಭ್ಯ. ಆದರೆ ನುಡಿಯಂಥ ವಿಂಡೋಸ್ ತಂತ್ರಾಂಶಗಳು ಕ್ರೋಮ್‌ಬುಕ್ಕಿನಲ್ಲಾಗಲಿ ಆಪಲ್ ಯಂತ್ರದಲ್ಲಾಗಲಿ ನೇರವಾಗಿ ನಡೆಯವು. ಅಗ್ಗವೆಂದು ಮೊದಲನೆಯದನ್ನೋ ಪ್ರತಿಷ್ಠೆಯೆಂದು ಎರಡನೆಯದನ್ನೋ ಕೊಳ್ಳುವವರು ಇದನ್ನು ಗಮನದಲ್ಲಿಡಬೇಕು.

ಕೈ ನಡುಗುವವರಿದ್ದಾರೆ, ಬೆರಳಿನ ಗಂಟು ನೋಯುವವರಿದ್ದಾರೆ. ಅವರಿಗೆ ಗೂಗಲ್ ಡಾಕ್ಸ್‌ನಲ್ಲಿ ಕನ್ನಡವನ್ನು ಮಾತನಾಡಿಯೇ ಬರೆಸುವ ಸೌಲಭ್ಯವಿದೆ. ಪುಸ್ತಕದ ಕನ್ನಡವನ್ನು ಅದು ಸಾಕಷ್ಟು ಹಿಡಿಯುತ್ತದೆ, ಆಡುಮಾತಿಗೆ ತಡವರಿಸುತ್ತದೆ. ಉತ್ತರ ಕರ್ನಾಟಕದ ಅಜ್ಜಿಯೊಬ್ಬರು ಅದರೆದುರು ಶಿಷ್ಟ ಕನ್ನಡದಲ್ಲಿ ಮಾತನಾಡತೊಡಗಿದರೆ, ಯಂತ್ರಕ್ಕಾಗಿ ಮಡಿ ಉಟ್ಟಂತೆ ಕಾಣುತ್ತದೆ. ಆದರೂ ಬರವಣಿಗೆ ನಿಲ್ಲುವುದಕ್ಕಿಂತ ಅದು ಲೇಸು.

ಯಂತ್ರ ಕೊಡಿಸಿದವರು ಅದರ ಒಡೆತನವನ್ನೂ ಇಟ್ಟುಕೊಳ್ಳುವ ಪರಿಪಾಠ ನಮ್ಮಲ್ಲಿ ಬೆಳೆಯುತ್ತಿದೆ. ಖಾತೆ ಮಗನ ಇ-ಮೇಲಿನದು, ಗುಪ್ತಪದ ಮಗಳಿಗೆ ಮಾತ್ರ ಗೊತ್ತು. ದೂರದಿಂದಲೇ ಯಂತ್ರದೊಳಗೆ ಹೊಕ್ಕು, ಬೇಡದ ಕಡತಗಳನ್ನು ತೆಗೆದು 'ಸ್ವಚ್ಛ' ಮಾಡಿಕೊಡುವುದು ಬೇರೆ. ಬೇಡದವು ಯಾವುವೆಂದು ತೀರ್ಮಾನಿಸುವವರು ಯಾರು? ವಂಚನೆಯ ಭಯವೇ ಇದಕ್ಕೆ ಸಮರ್ಥನೆಯಾಗಿ ಬರುತ್ತದೆ, ಮತ್ತು ಆ ಭಯ ಸುಳ್ಳಲ್ಲ. ಪೊಲೀಸರ ವೇಷದಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ಹಿರಿಯರ ಉಳಿತಾಯವನ್ನು ದೋಚುವವರಿದ್ದಾರೆ. ಪರದೆಯನ್ನು ಹಂಚಿಕೊಳ್ಳುವ ತಂತ್ರಾಂಶ ಹಾಕಿಸಿ ಬ್ಯಾಂಕಿನ ಖಾತೆಗೆ ಕೈಹಾಕುವವರಿದ್ದಾರೆ. ಹಾಗೆಂದೇ, ಅಂಥ ತಂತ್ರಾಂಶವನ್ನು ಯಾರು ಕೇಳಿದರೂ ಹಾಕಿಕೊಳ್ಳಬಾರದೆಂದು ತಿಳಿಹೇಳಬೇಕು, ಬಂಧನವನ್ನು ವೀಡಿಯೊ ಕರೆಯಲ್ಲಿ ಮಾಡುವ ಕಾನೂನು ಈ ದೇಶದಲ್ಲಿ ಇಲ್ಲವೆಂದು ಹೇಳಬೇಕು, 1930 ಎಂಬ ಸೈಬರ್ ಅಪರಾಧ ಸಹಾಯವಾಣಿಯ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಹಣದ ವ್ಯವಹಾರವನ್ನು ಆ ಲ್ಯಾಪ್‌ಟಾಪಿನಿಂದ ದೂರವೇ ಇಟ್ಟರೆ ಇನ್ನೂ ಕ್ಷೇಮ. ಗುಪ್ತಪದ ಮಾತ್ರ ಅವರದೇ ಆಗಿರಲಿ. ಅದನ್ನು ಅವರು ಪಂಚಾಂಗದ ಹಿಂದೆ ಬರೆದಿಟ್ಟುಕೊಳ್ಳುತ್ತಾರೆಂದು ನಗುವವರಿದ್ದಾರೆ. ಬರೆದಿಟ್ಟುಕೊಳ್ಳಲಿ, ಸಾವಿರ ಮೈಲಿ ದೂರದ ವಂಚಕನಿಗೆ ಆ ಪಂಚಾಂಗ ಎಟುಕುವುದಿಲ್ಲ. ಮಕ್ಕಳ ಕಣ್ಣಿಗೆ ಬೀಳದ ಒಂದು ಪುಟವನ್ನು ಬರೆಯುವ ಹಕ್ಕು ಎಂಬತ್ತರ ವಯಸ್ಸಿನಲ್ಲಿಯೂ ಇರುತ್ತದೆ.

ಹೊಸ ಯಂತ್ರದ ಗಡಿಬಿಡಿಯಲ್ಲಿ ಯಾರಿಗೂ ಕಾಣದೆ ಹೋಗುವ ಇನ್ನೊಂದು ಸಂಗತಿಯುಂಟು. ಮನೆಯ ಮೂಲೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದಿದ್ದರೆ ಅದರ ವಿಷಯ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಾಗ, ಅನಂತರ ನುಡಿ ಬಂದಾಗ, ಕಂಪ್ಯೂಟರಿನಲ್ಲಿ ಕನ್ನಡ ಕಂಡು ಉತ್ಸಾಹದಿಂದ ಬರೆದವರು ಸಣ್ಣ ಊರುಗಳಲ್ಲಿಯೂ ಇದ್ದರು. ಆಗಿನ ಕಡತಗಳಲ್ಲಿ ಬಹುಪಾಲು ಯುನಿಕೋಡ್‌ನಲ್ಲಿ ಇಲ್ಲ. ಇಂಗ್ಲಿಷ್ ಮುಂತಾದ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿದ ಅಕ್ಷರಶೈಲಿಗಳು ಅವು. ಆ ಅಕ್ಷರಶೈಲಿಯಿಲ್ಲದ ಹೊಸ ಲ್ಯಾಪ್‌ಟಾಪಿನಲ್ಲಿ ನುಡಿಯ ಹಳೆಯ ಕಡತವನ್ನು ತೆರೆದರೆ 'ಕನ್ನಡ' ಎಂಬ ಪದವಿರಬೇಕಾದ ಕಡೆ ಒಂದು ಪಿ, ಒಂದು ಪೌಂಡ್ ಚಿಹ್ನೆ, ನೆತ್ತಿಯ ಮೇಲೆ ಗೀಟಿರುವ ಎ-ಗಳು ಕಾಣಿಸುತ್ತವೆ. ನೋಡಿದವರು ಕಡತ ಕೆಟ್ಟಿದೆಯೆಂದು ತಿಳಿದು ಅಳಿಸಿಬಿಡುತ್ತಾರೆ. ಹೀಗೆ ಅಳಿಸಿಹೋದದ್ದು ಒಂದು ಊರಿನ ಕೆರೆಗಳ ಇತಿಹಾಸವಾಗಿರಬಹುದು, ಅಜ್ಜನು ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಗೆ ಹೋದ ಕಥೆಯಾಗಿರಬಹುದು. ನಮ್ಮ ಸಂಘಗಳ ಸ್ಮರಣ ಸಂಚಿಕೆಗಳ ಲೇಖನಗಳು ಕೂಡ ಇದೇ ಸ್ಥಿತಿಯಲ್ಲಿ ಯಾವುದೋ ಸಿ.ಡಿ.ಯಲ್ಲಿ ಕುಳಿತಿರುವುದು ಸಂಭವ.

ಕಡತ ಕೆಟ್ಟಿರುವುದಿಲ್ಲ. ಹಳೆಯ ಸಂಕೇತವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವೆ, ಉಚಿತವಾಗಿಯೇ ಸಿಗುತ್ತವೆ. ಪರಿವರ್ತನೆಯಲ್ಲಿ ಅರ್ಕಾವತ್ತಿನ ಬಳಿ, ಅಪರೂಪದ ಒತ್ತಕ್ಷರಗಳ ಬಳಿ ತಪ್ಪುಗಳು ನುಸುಳುತ್ತವೆ. ಅವನ್ನು ತಿದ್ದಲು ಬರೆದವರೇ ಬೇಕು, ಅವರು ನಮ್ಮೊಡನಿರುವಾಗಲೇ ಆಗಬೇಕು. ಮುಂಬಯಿಯಲ್ಲಿ ಬೆಳೆದ ಮೊಮ್ಮಕ್ಕಳು ಪರಿವರ್ತಕವನ್ನು ಕ್ಷಣದಲ್ಲಿ ನಡೆಸಿಯಾರು. 'ಕರ್ತೃ'ವಿನ ಒತ್ತು ಎಲ್ಲಿ ಹೋಯಿತೆಂಬುದು ಅವರಿಗೆ ತಿಳಿಯಲಾರದು. ಆದ್ದರಿಂದ ಹಳೆಯ ಯಂತ್ರವನ್ನು ಗುಜರಿಯವನಿಗೆ ಕೊಡುವುದಕ್ಕೆ ಮುಂಚೆ ಅದರ ಡಿಸ್ಕಿನಲ್ಲಿರುವುದೆಲ್ಲವನ್ನೂ, ಅಕ್ಷರಶೈಲಿಯ ಕಡತಗಳ ಸಮೇತ, ನಕಲು ಮಾಡಿಕೊಳ್ಳಬೇಕು. ದೀಪಾವಳಿಗೆ ಊರಿಗೆ ಹೊರಡುವವರು ಹೊಸ ಲ್ಯಾಪ್‌ಟಾಪಿನ ಜೊತೆಗೆ ಖಾಲಿ ಪೆನ್‌ಡ್ರೈವ್ ಎರಡನ್ನು ಚೀಲದಲ್ಲಿಟ್ಟುಕೊಳ್ಳಲಿ, ಅಪ್ಪನ ಪಕ್ಕದಲ್ಲಿ ಕೂರಲು ಒಂದು ಇಡೀ ಮಧ್ಯಾಹ್ನವನ್ನು ಬಿಡುವಾಗಿಟ್ಟುಕೊಳ್ಳಲಿ.