ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿ ಕೆಲಸ ಮಾಡಬಹುದೇ?

"ವಿಸಿಟ್ ವೀಸಾದಲ್ಲಿ ಬನ್ನಿ, ಕೆಲಸಕ್ಕೆ ಸೇರಿ, ವೀಸಾ ಆಮೇಲೆ ಬದಲಿಸೋಣ" ಎಂಬ ಸಂದೇಶ ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ. ಅಲ್ಲಿಗೆ ಹೋಗಿ ಕೆಲಸ ಹುಡುಕಬಹುದು. ಆದರೆ ವರ್ಕ್ ಪರ್ಮಿಟ್ ಸಿಗುವ ಮೊದಲು ಒಂದು ದಿನ ದುಡಿದರೂ ಅಕ್ರಮ. ಸಂಬಳ ಕೊಡದಿದ್ದರೆ ದೂರು ಕೊಡಲೂ ಹೆದರಿಕೆ. ಎಮಿರೇಟ್ಸ್ ಐಡಿ ಇಲ್ಲದೆ ಬಾಡಿಗೆ ಕರಾರು, ಸಂಬಳದ ಖಾತೆ ಎರಡೂ ಕಷ್ಟ. ಹಾಗಾಗಿ ಎಷ್ಟೋ ಹೊಸಬರು 'ಬೆಡ್ ಸ್ಪೇಸ್' ಹಿಡಿಯುತ್ತಾರೆ, ಅಂದರೆ ಕೋಣೆಗಲ್ಲ, ಬರೀ ಮಂಚಕ್ಕೆ ಬಾಡಿಗೆ!

ಕಂಪನಿ ವೀಸಾ ಖರ್ಚು ಕೇಳಿದರೆ? 2021ರ ಯುಎಇ ಕಾರ್ಮಿಕ ಕಾಯ್ದೆಯಂತೆ ನೇಮಕಾತಿ ವೆಚ್ಚ ಕಂಪನಿಯದೇ. ನಿಮ್ಮ ಪಾಸ್‌ಪೋರ್ಟನ್ನೂ ಅವರು ಇಟ್ಟುಕೊಳ್ಳುವಂತಿಲ್ಲ. ಇನ್ನು ಊರಿನ ಏಜೆಂಟ್: ಹೆಸರು ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ಮೊಬೈಲಿನಲ್ಲೇ ನೋಡಿ. ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ.